ಹಿಂದಿನ ಸೀಟಿನ ಹೊಲಿಗೆ

ಕೊಪ್ಪಳದ ಕೋರ್ಟಿನ ಗೇಟಿನಲ್ಲಿ ಸಿದ್ದೇಶನ ಕೊರಳಿಗೆ ಸೇವಂತಿಗೆ ಹಾರ ಬಿತ್ತು. ಮದುವೆಯ ದಿನ ಬಿಟ್ಟರೆ ಆ ಕೊರಳು ಹಾರ ಕಂಡದ್ದು ಇದೇ ಮೊದಲು. ಅವತ್ತು ನಾಚಿಕೆಗೆ ಬೆವತಿದ್ದ. ಇವತ್ತು ಹೆದರಿಕೆಗೆ ಬೆವತ.

ಹಾರ ಹಾಕಿದವನು ಬಾಡಿಗೆ ಕಾರು ಚಾಲಕರ ಸಂಘದ ಅಧ್ಯಕ್ಷ ಓಬಳೆಪ್ಪ. ಅವನಿಗೆ ದೇವರು ಬೇರೇನು ಕೊಟ್ಟನೋ ಬಿಟ್ಟನೋ, ದನಿಯನ್ನಂತೂ ಧಾರಾಳವಾಗಿ ಕೊಟ್ಟಿದ್ದ.

“ನಮ್ಮ ಮೈ ನಮ್ದು, ನಮ್ಮ ಜೀವ ನಮ್ದು! ಪಟ್ಟಿ ಹಾಕಿ ಕಟ್ಟಾಕ ನಾವೇನು ದನಾ ಏನು?” ಎಂದು ಅವನು ಕೈ ಎತ್ತಿ ಕೂಗಿದ. “ಸಿದ್ದೇಶಣ್ಣ ಇವತ್ತು ಸಹಿ ಮಾಡ್ತಾನ. ಮುಂದಿನ ವಾರ ಧಾರವಾಡದ ಹೈಕೋರ್ಟಿನ್ಯಾಗ ಸರಕಾರ ಉತ್ತರ ಕೊಡ್ಲಿ!”

ಹಿಂದೆ ನಿಂತಿದ್ದ ಇಪ್ಪತ್ತು ಚಾಲಕರು ಚಪ್ಪಾಳೆ ತಟ್ಟಿದರು. ಅವರಲ್ಲಿ ಹೆಚ್ಚಿನವರ ಕಾರಿಗೆ ಸೀಟ್ ಕವರು ಹೊಲಿದುಕೊಟ್ಟವನು ಸಿದ್ದೇಶನೇ. ಗಿರಾಕಿಗಳೆಲ್ಲ ಇವತ್ತು ಅವನನ್ನು ಹುಲಿ ನೋಡಿದಂತೆ ನೋಡುತ್ತಿದ್ದರು. ಹುಲಿ ಮಾತ್ರ ಹಾರದ ಎಸಳು ಒಂದೊಂದೇ ಕೀಳುತ್ತ ನಿಂತಿತ್ತು.

ಸಂಗತಿ ಇಷ್ಟು. ಕಾರಿನ ಹಿಂದಿನ ಸೀಟಿನಲ್ಲಿ ಕೂತವರೂ ಬೆಲ್ಟ್ ಕಟ್ಟಲೇಬೇಕು ಎನ್ನುವ ಕಾನೂನು ಸಂವಿಧಾನಕ್ಕೆ ವಿರುದ್ಧವಾದದ್ದು, ಅದನ್ನು ರದ್ದು ಮಾಡಬೇಕು ಎಂದು ಒಂದು ರಿಟ್ ಅರ್ಜಿ ತಯಾರಾಗಿತ್ತು. ಮೊದಲನೇ ಅರ್ಜಿದಾರ ಸಿದ್ದೇಶ, ಎರಡನೆಯವಳು ಅವನ ಹೆಂಡತಿ ಲಲಿತಾ. ನೋಟರಿಯ ಮುಂದೆ ಇಬ್ಬರೂ ಪ್ರಮಾಣ ಮಾಡಿ ಸಹಿ ಹಾಕಿದರೆ ವಕೀಲ ಪ್ರಭುರಾಜ ಸಂಜೆಯ ರೈಲಿಗೇ ಧಾರವಾಡಕ್ಕೆ ಹೊರಡುವವನಿದ್ದ. ಲಲಿತಾ ಗೇಟಿನ ನೆರಳಿನಲ್ಲಿ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದಳು. ಎಂಟು ತಿಂಗಳಿಂದ ಆ ಬಲಗೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

ಭಾಗ್ಯನಗರದಲ್ಲಿ ‘ಲಲಿತಾ ಸೀಟ್ ಕವರ್ಸ್’ ಶುರುವಾಗಿ ಹನ್ನೊಂದು ವರ್ಷ. ಬೋರ್ಡಿನ ಮೇಲೆ ಹೆಸರು ಹೆಂಡತಿಯದು, ಅಂಗಡಿಯ ಹೆಸರು ಉಳಿಸಿದ ಕೈಯೂ ಹೆಂಡತಿಯದೇ. ರೆಕ್ಸಿನ್ ಹಾಸಿ, ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದು, ಒಂದೇ ಉಸಿರಿಗೆ ಕತ್ತರಿಸುವವಳು ಅವಳು. ಹೊಲಿದು ಸೀಟಿಗೆ ಬಿಗಿಯುವವನು ಸಿದ್ದೇಶ. ಒಂದು ಸುಕ್ಕೂ ಕಾಣಬಾರದು ಎನ್ನುವುದು ಅವನ ಹಟ. ಗಂಗಾವತಿಯ ಅಕ್ಕಿ ವ್ಯಾಪಾರಿಗಳು, ಕುಷ್ಟಗಿಯ ದಾಳಿಂಬೆ ತೋಟದವರು, ಯಲಬುರ್ಗಾದ ಮೇಷ್ಟ್ರುಗಳು ಹೊಸ ಕಾರು ತಗೊಂಡರೆ ಮೊದಲು ಗುಡಿಗೆ, ಗುಡಿಯಿಂದ ನೆಟ್ಟಗೆ ಇವರ ಅಂಗಡಿಗೆ ಬರುತ್ತಿದ್ದರು.

ಬಂದವರದೆಲ್ಲ ಒಂದೇ ತಕರಾರು. ಹಿಂದಿನ ಸೀಟಿನ ಬೆಲ್ಟಿನ ಬಕಲ್ಲು ಕೂತರೆ ಚುಚ್ಚುತ್ತದೆ, ಹುಡುಗರು ಮಲಗಲಿಕ್ಕೆ ಆಗುವುದಿಲ್ಲ, ಒಳಗೆ ಹಾಕಿ ಹೊಲಿದುಬಿಡು. ಕತ್ತರಿ ಹಿಡಿದ ಲಲಿತಾ ಪ್ರತಿ ಸಲವೂ ಕೇಳುತ್ತಿದ್ದಳು: “ಬಕಲ್ಲಿಗೆ ಸೀಳು ಬಿಡ್ಲೇನ್ರಿ?” ಸಿದ್ದೇಶ ಪ್ರತಿ ಸಲವೂ “ಬ್ಯಾಡ” ಎನ್ನುತ್ತಿದ್ದ. ಸೀಳು ಬಿಟ್ಟರೆ ಅದರ ಅಂಚು ಮಡಿಚಿ ಹೊಲಿಯಬೇಕು. ಅರ್ಧ ತಾಸಿನ ಹೆಚ್ಚಿನ ಕೆಲಸ, ಮೇಲಾಗಿ ನೋಟವೂ ಕೆಡುತ್ತದೆ. ತನ್ನ ಸ್ವಂತ ಕಾರಿಗೂ ಅವನು ಹಾಗೇ ಹೊಲಿದುಕೊಂಡಿದ್ದ. ದಾಳಿಂಬೆ ಬಣ್ಣದ ಕವರು, ಎರಡೆಳೆಯ ಬಿಳಿ ಹೊಲಿಗೆ. ಹಿಂದಿನ ಸೀಟಿನ ಬಕಲ್ಲುಗಳೆಲ್ಲ ಅದರಡಿಯಲ್ಲಿ ಹೂತುಹೋಗಿದ್ದವು.

ಜನವರಿಯಲ್ಲಿ ಕುಷ್ಟಗಿಯ ನೆಂಟರ ಹೊಸ ಮನೆಯ ಊಟ ಮುಗಿಸಿ ಮೂವರು ಅದೇ ಕಾರಿನಲ್ಲಿ ಮರಳುತ್ತಿದ್ದರು. ಓಡಿಸುತ್ತಿದ್ದವನು ಲಲಿತಾಳ ತಮ್ಮ ಉಮಾಪತಿ. ಪಕ್ಕದಲ್ಲಿ ಲಲಿತಾ, ಹಿಂದೆ ಕೂತರೆ ಅವಳಿಗೆ ವಾಂತಿ ಆಗುತ್ತಿತ್ತು, ಅದಕ್ಕೆ ಯಾವಾಗಲೂ ಮುಂದೆಯೇ ಕೂರುವುದು. ಮುಂದಿನ ಇಬ್ಬರೂ ಬೆಲ್ಟ್ ಕಟ್ಟಿದ್ದರು. ಕಾನೂನಿನ ಮೇಲಿನ ಭಕ್ತಿಯಿಂದೇನೂ ಅಲ್ಲ, ಕಟ್ಟದಿದ್ದರೆ ಆ ಕಾರು ಕೀಂ ಕೀಂ ಎಂದು ಅರಚಿ ತಲೆ ತಿನ್ನುತ್ತಿತ್ತು. ಹಿಂದಿನ ಸೀಟಿಗೆ ಅರಚುವ ಬಾಯಿ ಇರಲಿಲ್ಲ. ಸಿದ್ದೇಶ ಅಲ್ಲಿ ನಟ್ಟನಡುವೆ ಕೂತು, ಮುಂದಿನ ಎರಡು ಸೀಟುಗಳ ಮಧ್ಯೆ ತಲೆ ತೂರಿಸಿ, ನೆಂಟರ ಮನೆಯ ಹೋಳಿಗೆಯ ಹೂರಣ ನೀರಾಗಿತ್ತೆಂದು ವಾದ ಮಾಡುತ್ತಿದ್ದ.

ಕುರಿ ಹಿಂಡು ಒಮ್ಮೆಲೇ ರಸ್ತೆಗೆ ಬಂತು. ಉಮಾಪತಿ ಬ್ರೇಕ್ ತುಳಿದು ಪಕ್ಕಕ್ಕೆ ತಿರುಗಿಸಿದ. ಕಾರು ಸಣ್ಣ ಸೇತುವೆಯ ಕಲ್ಲಿಗೆ ಹೋಗಿ ಬಡಿಯಿತು.

ಸಿದ್ದೇಶ ಕಣ್ಣು ಬಿಟ್ಟಾಗ ಎರಡು ಸೀಟುಗಳ ನಡುವೆ ಸಿಕ್ಕಿಕೊಂಡಿದ್ದ. ಅವನ ಎಡಹೆಗಲು ಲಲಿತಾಳ ಬಲಹೆಗಲಿನ ಹಿಂಭಾಗಕ್ಕೆ ಒತ್ತಿಕೊಂಡಿತ್ತು. ಅವಳಿಗೆ ಎಚ್ಚರವಿರಲಿಲ್ಲ. ಅವಳ ಎಲುಬು ಮುರಿದದ್ದು ಅವನ ಹೆಗಲಿಗೇ ಗೊತ್ತಾಗಿತ್ತು. ಹಿಂದಕ್ಕೆ ಸರಿದು ಕೂತ. ಉಮಾಪತಿ ತಲೆ ಎತ್ತಿ ನೋಡುವಷ್ಟರಲ್ಲಿ ಅವನು ತನ್ನ ಜಾಗದಲ್ಲಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಅವನೊಬ್ಬನನ್ನೇ ಕರೆದು, “ಹಿಂದಿನಿಂದ ಏನರ ಬಡಿತೇನು?” ಎಂದು ಕೇಳಿದರು. “ಗೊತ್ತಿಲ್ರಿ” ಎಂದ. ಲಲಿತಾಳ ಎದೆಯ ಮೇಲೆ ಬೆಲ್ಟಿನ ಬಾಸುಂಡೆ ಎದ್ದಿತ್ತು. ಅದನ್ನು ಕಂಡ ಉಮಾಪತಿ, “ಬೆಲ್ಟ್ ಹೆಂಗ ಜಗ್ಗೈತಿ ನೋಡ್ರಿ, ಎಲುಬ ಮುರದೈತಿ” ಎಂದ. ಸಿದ್ದೇಶ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಮಾತು ಆಸ್ಪತ್ರೆಯಿಂದ ಓಣಿಗೆ ಬಂತು, ಓಣಿಯಿಂದ ಅಂಗಡಿಗೆ ಬಂತು. ಬೆಲ್ಟ್ ಕಟ್ಟಿದಾಕಿಯ ಕೈ ಹೋಯಿತು, ಕಟ್ಟದ ಗಂಡ ಗುಂಡುಕಲ್ಲಿನಂತೆ ಎದ್ದು ಬಂದ. ಕೇಳಿದವರೆಲ್ಲ ಲೊಚಗುಟ್ಟಿದರು. ಗುಂಡುಕಲ್ಲಿನಂತೆ ಎದ್ದು ಬಂದವನ ಎಡಹೆಗಲು ಒಂದು ತಿಂಗಳು ಬದನೆಕಾಯಿ ಬಣ್ಣಕ್ಕಿತ್ತು. ಅವನು ಹೆಂಡತಿಯ ಎದುರು ಅಂಗಿ ಬಿಚ್ಚಲೇ ಇಲ್ಲ.

ಅಪಘಾತದ ಜಾಗಕ್ಕೆ ಬಂದಿದ್ದ ಹೆಡ್ ಕಾನ್‌ಸ್ಟೆಬಲ್ ಉಡಚಮ್ಮ ಮಾತ್ರ ಹಿಂದಿನ ಸೀಟಿನ ಮೇಲೆ ಕೈಯಾಡಿಸಿ, “ಬಕಲ್ ಎಲ್ಲೈತ್ರಿ?” ಎಂದು ಕೇಳಿ, ಉತ್ತರ ಸಿಗದೆ ದಂಡದ ಚೀಟಿ ಬರೆದಿದ್ದಳು. ದಂಡ ಕಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ದಂಡ ಕಟ್ಟಿದರೆ ಬೆಲ್ಟ್ ಹಾಕದ್ದು ತಪ್ಪು ಎಂದು ಒಪ್ಪಿದಂತೆ, ಅದನ್ನು ಒಪ್ಪಿದರೆ ಉಳಿದದ್ದನ್ನೂ ಒಪ್ಪಿದಂತೆ. ಹೀಗೆ ಅವನು ಚೀಟಿಯನ್ನು ಕಪಾಟಿನಲ್ಲಿಟ್ಟುಕೊಂಡು ಒದ್ದಾಡುತ್ತಿದ್ದಾಗ ಸೀಟು ಹೊಲಿಸಲು ಬಂದವನು ವಕೀಲ ಪ್ರಭುರಾಜ.

ಪ್ರಭುರಾಜ ಸುಳ್ಳುಗಾರನಲ್ಲ. ಸಂವಿಧಾನ ಎಂದರೆ ಅವನಿಗೆ ನಿಜವಾಗಿಯೂ ಮೈ ಜುಮ್ಮೆನ್ನುತ್ತಿತ್ತು. ಲಲಿತಾಳ ಕೈ ಕಂಡು, ಕತೆ ಕೇಳಿ, ಕುರ್ಚಿಯಿಂದ ಎದ್ದೇ ನಿಂತ. “ಇಪ್ಪತ್ತೊಂದನೇ ಕಲಮು, ಜೀವದ ಹಕ್ಕು, ಸ್ವಾತಂತ್ರ್ಯದ ಹಕ್ಕು. ನನ್ನ ಜೀವಕ್ಕ ಅಪಾಯ ಆದ್ರ ನನಗ ಆಗಬೇಕು. ಬೇರೇದವರಿಗೆ ತ್ರಾಸ ಇಲ್ಲದಾಗ ಸರಕಾರ ಯಾಕ ನಡುವ ಬರಬೇಕ್ರಿ? ಇನ್ನ ಹದಿನಾಲ್ಕನೇ ಕಲಮು, ಸಮಾನತೆ. ಬಸ್ಸಿನ್ಯಾಗ ಎಪ್ಪತ್ತು ಮಂದಿ ನಿಂತಕೊಂಡು ಹೊಂಟಾರ. ಕ್ರೂಸರ್ ಜೀಪಿನ ತಲಿ ಮ್ಯಾಲೆ ಕುಂತು ಮದುವಿಗೆ ಹೋಗ್ತಾರ. ಅವರಿಗೆ ಬೆಲ್ಟ್ ಐತೇನು? ನಿಮಗೊಬ್ಬರಿಗೇ ಯಾಕ?” ಸಿದ್ದೇಶ ಬಾಯಿ ಬಿಟ್ಟುಕೊಂಡು ಕೇಳಿದ. ಕಾನೂನೇ ತಪ್ಪು ಎಂದು ಯಾರಾದರೂ ದೊಡ್ಡವರು ಹೇಳಿಬಿಟ್ಟರೆ, ತನ್ನ ತಪ್ಪೂ ಅದರ ಜೊತೆಗೇ ಗುಡಿಸಿ ಹೋದೀತು ಎಂಬ ಆಸೆ ಅವತ್ತು ಹುಟ್ಟಿತು. ಆಸೆ ಹುಟ್ಟಿದ ಮನುಷ್ಯನಿಗೆ ಬುದ್ಧಿ ಕೆಲಸ ಮಾಡುವುದಿಲ್ಲ. ಸಿದ್ದೇಶ “ಆತ್ರಿ” ಎಂದುಬಿಟ್ಟ.

ಈಗ ಪ್ರಭುರಾಜ ಕರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದು ಇಬ್ಬರನ್ನೂ ಒಳಗೆ ಕರೆದೊಯ್ದ.

ನೋಟರಿ ಗುಲ್ಶನ ಮೇಡಂ ಅವರ ಕೋಣೆ ಕೋರ್ಟಿನ ಹಿಂಬದಿಯಲ್ಲಿತ್ತು. ಎರಡು ಕುರ್ಚಿ, ಒಂದು ಬೆಂಚು, ತಿರುಗುವುದಕ್ಕಿಂತ ಹೆಚ್ಚು ಸದ್ದು ಮಾಡುವ ಫ್ಯಾನು. ಬೇರೆ ನೋಟರಿಗಳು ಕಾಗದದ ಮುಖ ನೋಡದೆ ಠಪ್ಪೆಂದು ಮುದ್ರೆ ಒತ್ತಿ ಕಳಿಸುತ್ತಾರೆ. ಈಕೆಯದು ಬೇರೆ ನಮೂನೆ. ಪ್ರಮಾಣಪತ್ರದ ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಿ, ಪ್ರಮಾಣ ಮಾಡುವವರ ಬಾಯಿಂದ ‘ಹೌದು’ ಎನ್ನಿಸಿ, ಪಕ್ಕಕ್ಕೆ ಪೆನ್ಸಿಲ್ಲಿನ ಚುಕ್ಕೆ ಇಟ್ಟು, ಆಮೇಲೆ ಸಹಿ. ವಕೀಲರಿಗೆಲ್ಲ ಇದು ತಲೆನೋವು. ಆದರೆ ಗುಲ್ಶನ ಮೇಡಂ ಮುದ್ರೆ ಇದ್ದ ಕಾಗದವನ್ನು ಹೈಕೋರ್ಟಿನಲ್ಲಿ ಯಾರೂ ಅನುಮಾನಿಸುವುದಿಲ್ಲ ಎಂದು ಪ್ರಭುರಾಜನೇ ಈಕೆಯನ್ನು ಆರಿಸಿದ್ದ.

“ಹಾರ ತೆಗೀರಿ” ಎಂದಳು ಗುಲ್ಶನ ಮೇಡಂ ಮೊದಲಿಗೆ. ಸಿದ್ದೇಶ ಹಾರ ತೆಗೆದು ಬೆಂಚಿನ ಮೇಲಿಟ್ಟ. ಆಕೆ ಕನ್ನಡಕ ಏರಿಸಿ ಓದಲು ಶುರು ಮಾಡಿದಳು.

“ನಾನು ಸಿದ್ದೇಶ, ಭಾಗ್ಯನಗರದ ನಿವಾಸಿ, ಸೀಟ್ ಕವರು ಹೊಲಿಯುವ ವೃತ್ತಿ.”

“ಹೌದ್ರಿ.” ಚುಕ್ಕೆ.

“ಸದರಿ ದಿನ ನಾನು ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಧರಿಸದೆ ಕುಳಿತಿದ್ದೆನು.”

“ಹೌದ್ರಿ.” ಚುಕ್ಕೆ.

“ನಾನು ಬೆಲ್ಟ್ ಧರಿಸದೆ ಇದ್ದುದರಿಂದ ನನ್ನ ಹೊರತು ಬೇರೆ ಯಾರಿಗೂ ಯಾವುದೇ ಹಾನಿ ಆಗಿಲ್ಲ, ಆಗುವ ಸಂಭವವೂ ಇರಲಿಲ್ಲ.”

ಫ್ಯಾನಿನ ಸದ್ದು ಕೋಣೆ ತುಂಬ ಆಯಿತು. ಈ ವಾಕ್ಯ ಅರ್ಜಿಯಲ್ಲಿದೆ ಎಂದು ಸಿದ್ದೇಶನಿಗೆ ಗೊತ್ತಿತ್ತು. ಪ್ರಭುರಾಜ ಎರಡು ಸಲ ಓದಿ ಹೇಳಿದ್ದ, ಇಡೀ ಕೇಸು ನಿಂತಿರುವುದೇ ಇದರ ಮೇಲೆ ಎಂದೂ ಹೇಳಿದ್ದ. ಆದರೆ ಕಾಗದದಲ್ಲಿ ಇರುವುದು ಬೇರೆ, ಪಕ್ಕದಲ್ಲಿ ಲಲಿತಾ ಕೂತಿರುವಾಗ ಗಟ್ಟಿಯಾಗಿ ಕೇಳಿಸುವುದು ಬೇರೆ. ಅವನು ಅವಳ ಕಡೆ ನೋಡದೆ ಗೋಡೆಯ ಕ್ಯಾಲೆಂಡರು ನೋಡಿದ.

“ಏನ್ರಿ?” ಎಂದಳು ಗುಲ್ಶನ ಮೇಡಂ.

“ಹೌದ್ರಿ” ಎಂದ.

ಚುಕ್ಕೆ ಬಿತ್ತು. ಪ್ರಭುರಾಜ ಹಿಂದಿನಿಂದ ಉಸಿರು ಬಿಟ್ಟದ್ದು ಕೇಳಿಸಿತು. ಇಷ್ಟೇನಾ ಎನ್ನಿಸಿತು ಸಿದ್ದೇಶನಿಗೆ. ನಾಚಿಕೆಗೆಟ್ಟ ಒಂದು ಹಗುರತನ ಮೈಯೆಲ್ಲ ಹಬ್ಬಿತು. ಸಹಿ ಇಬ್ಬರದೂ ಕೊನೆಗೆ ಒಟ್ಟಿಗೇ ಎಂದು ಹೇಳಿ ಗುಲ್ಶನ ಮೇಡಂ ಎರಡನೇ ಕಾಗದ ಎತ್ತಿಕೊಂಡಳು.

“ನಾನು ಲಲಿತಾ, ಒಂದನೇ ಅರ್ಜಿದಾರರ ಪತ್ನಿ.”

“ಹೌದ್ರಿ.”

“ಸದರಿ ದಿನ ನಾನು ಮುಂದಿನ ಎಡಗಡೆಯ ಸೀಟಿನಲ್ಲಿ ಕಾನೂನಿನಂತೆ ಬೆಲ್ಟ್ ಧರಿಸಿ ಕುಳಿತಿದ್ದೆನು.”

“ಹೌದ್ರಿ.”

“ನಾನು ಧರಿಸಿದ್ದ ಬೆಲ್ಟಿನ ಸೆಳೆತದಿಂದಲೇ ನನ್ನ ಬಲ ಹೆಗಲಿನ ಎಲುಬು ಮುರಿದು, ಬಲಗೈ ಊನವಾಗಿರುತ್ತದೆ.”

ಲಲಿತಾ ಬಾಯಿ ತೆರೆದಳು. ‘ಹೌ’ ಎನ್ನುವಷ್ಟು ಬಂತು, ಮುಂದಿನದು ಬರಲಿಲ್ಲ. ಅವಳ ಎಡಗೈ ತಾನಾಗಿ ಮೇಲೆದ್ದಿತ್ತು. ಕಾರಿನಲ್ಲಿ ಕೂತಾಗ ಬೆಲ್ಟ್ ಹುಡುಕಿ ಎಳೆದುಕೊಳ್ಳುತ್ತಾರಲ್ಲ, ಹಾಗೆ ಆ ಕೈ ಎಡಹೆಗಲ ಮೇಲೆ ಹೋಯಿತು. ಎಡಹೆಗಲಿನಿಂದ ಎದೆಯ ಮೇಲೆ ಅಡ್ಡ ಹಾಯ್ದು, ಬಲಸೊಂಟದ ಹತ್ತಿರ ಬಂದು ನಿಂತಿತು. ಅವಳು ಅದನ್ನೇ ಇನ್ನೊಮ್ಮೆ ಮಾಡಿದಳು. ಕತ್ತರಿ ಹಿಡಿದು ಬದುಕಿದವಳು, ಯಾವ ಪಟ್ಟಿ ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಮೇಡಮ್ಮಾರ, ಬೆಲ್ಟ್ ಈ ಹೆಗಲ ಮ್ಯಾಲೆ ಇತ್ತಲ್ರಿ” ಎಂದು ಎಡಹೆಗಲು ಮುಟ್ಟಿದಳು. “ಮುರದದ್ದು ಇದು” ಎಂದು ಬಲಹೆಗಲು ಮುಟ್ಟಿದಳು.

ಪ್ರಭುರಾಜ ತನ್ನ ಹೆಗಲು ನೋಡಿಕೊಂಡ. ಅವನು ಯಾವಾಗಲೂ ಕಾರು ಓಡಿಸುವವನು, ಅವನ ಬೆಲ್ಟ್ ಬರುವುದು ಬಲಹೆಗಲ ಮೇಲೆ. ಪಕ್ಕದ ಸೀಟಿನಲ್ಲಿ ಕೂತು ಅವನು ಯಾವತ್ತೂ ಯೋಚಿಸಿರಲಿಲ್ಲ. ಓಡಿಸಿದ ಉಮಾಪತಿಯೂ ಅಷ್ಟೇ, ಓಣಿಯವರೂ ಅಷ್ಟೇ. ಆದರೂ ವಕೀಲನಲ್ಲವೆ, ಸಾವರಿಸಿಕೊಂಡ. “ಅಕ್ಕಾರ, ಜಗ್ಗಿದ್ದು ಅಡ್ಡ ಜಗ್ಗಿರ್ತೈತಿ. ಇತ್ತ ಜಗ್ಗಿದ್ದು ಅತ್ತ ಮುರೀತೈತಿ. ನೀವು ಹೂಂ ಅನ್ರಿ, ರೈಲಿಗೆ ಹೊತ್ತಾಕ್ಕೈತಿ.”

“ಪ್ರಮಾಣ ಮಾಡೋರಿಗೆ ನೀವು ಹೇಳಿಕೊಡಬ್ಯಾಡ್ರಿ” ಎಂದಳು ಗುಲ್ಶನ ಮೇಡಂ, ಪೆನ್ಸಿಲ್ಲು ಕೆಳಗಿಟ್ಟು.

ಲಲಿತಾ ವಕೀಲನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳು ಗಂಡನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಅಳತೆ ಹೊಂದದಿದ್ದಾಗ ಅಂಗಡಿಯಲ್ಲಿ ಹೇಗೆ ಕೇಳುತ್ತಿದ್ದಳೋ ಹಾಗೇ ಕೇಳಿದಳು.

“ನೀವು ನನ್ನ ಹಿಂದ ಇದ್ರಿ. ನಾನು ಎಚ್ಚರ ತಪ್ಪಿದ್ದೆ, ನೀವು ತಪ್ಪಿರಲಿಲ್ಲ. ಬೆಲ್ಟ್ ಮುರೀತು ಅಂತ ನೀವು ಅಂದ್ರ ನಾನು ಹೌದು ಅಂತೀನಿ. ಹೇಳ್ರಿ.”

ಹೇಳುವುದು ಎಷ್ಟು ಸುಲಭವಿತ್ತು. ಒಂದು ನಿಮಿಷದ ಹಿಂದೆ ಅದೇ ಬಾಯಿ ಹೇಳಿತ್ತು. ಹೊರಗೆ ಓಬಳೆಪ್ಪನ ದನಿ ಕೇಳುತ್ತಿತ್ತು, ಯಾರಿಗೋ ಪಟಾಕಿ ತರಲು ಹೇಳುತ್ತಿದ್ದ. ಹೌದು ಎಂದರೆ ಇವಳು ಹೌದು ಎನ್ನುತ್ತಾಳೆ. ಆಮೇಲೆ ಸಾಯುವತನಕ ಈ ಹೆಂಗಸು ತನ್ನ ಎಡಹೆಗಲು ಮುಟ್ಟಿ ನೋಡಿಕೊಂಡು, ಗಂಡ ಹೇಳಿದ್ದಾನೆ ಎಂದು ಸುಮ್ಮನಾಗುತ್ತಾಳೆ. ಸಿದ್ದೇಶ ತನ್ನನ್ನು ತಾನು ಇಷ್ಟು ಹೇಸಿದ್ದು ಆ ಎಂಟು ತಿಂಗಳಲ್ಲಿ ಇದೇ ಮೊದಲು.

“ಬೆಲ್ಟ್ ಅಲ್ಲ” ಎಂದ.

“ಮತ್ತೇನ್ರಿ?”

“ನಾನು. ನಾನ ಬಂದು ಬಡದೆ. ಈ ಹೆಗಲು.” ಎಡಹೆಗಲು ಮುಟ್ಟಿಕೊಂಡ. “ಮುರದದ್ದು ನನಗ ಗೊತ್ತಾತು. ಬೆಲ್ಟ್ ಇರಲಿಲ್ಲಂದ್ರ ನೀನು ಗಾಜು ಒಡಕೊಂಡು ಹೊರಗ ಹೋಗತಿದ್ದಿ. ಅದು ನಿನ್ನ ಹಿಡಕೊಂತು. ನನ್ನ ಹಿಡಕೊಳ್ಳಾಕ ಏನೂ ಇರಲಿಲ್ಲ, ನಾನ ಹೊಲದು ಮುಚ್ಚಿದ್ದೆ.”

ಗುಲ್ಶನ ಮೇಡಂ ಕನ್ನಡಕ ತೆಗೆದು, ಮೊದಲನೇ ಕಾಗದ ಹತ್ತಿರಕ್ಕೆ ಎಳೆದುಕೊಂಡು, ಮೂರನೇ ಚುಕ್ಕೆಯನ್ನು ರಬ್ಬರಿನಿಂದ ಅಳಿಸಿದಳು. ಆ ತಿಕ್ಕುವ ಸದ್ದಿಗೆ ಸಿದ್ದೇಶನ ಕಿವಿ ಸುಟ್ಟಿತು.

ಪ್ರಭುರಾಜ ಅವನ ಪಕ್ಕ ಬಗ್ಗಿ, ತಗ್ಗಿದ ದನಿಯಲ್ಲಿ ಹೇಳಿದ: “ಸಿದ್ದೇಶ, ಸಮಾಧಾನದಿಂದ ಕೇಳ್ರಿ. ಸಂವಿಧಾನದ ಪ್ರಶ್ನೆ ಹಂಗ ಉಳೀತೈತಿ. ನಿಮ್ಮ ಮನಿಯಾಗ ಏನಾತು ಅನ್ನೂದು ಬ್ಯಾರೆ, ಸರಕಾರಕ್ಕ ಆ ಅಧಿಕಾರ ಐತೇನು ಅನ್ನೂದು ಬ್ಯಾರೆ. ಆ ಒಂದು ವಾಕ್ಯ ತಗದು, ಬಸ್ಸಿನ ಮಾತು ಅಷ್ಟ ಇಟಗೊಂಡು…”

“ನಿಮ್ಮ ಬಸ್ಸಿನ ಮಾತು ಖರೇ ಇರಬಹುದ್ರಿ ವಕೀಲರ” ಎಂದ ಸಿದ್ದೇಶ. “ಆದರ ನನ್ನ ಮೈ ನನ್ದು ಅಂತ ಬರದೀರಲ್ಲ, ಅದನ್ನ ನಾನು ಹ್ಯಾಂಗ ಅನ್ಲಿ? ನನ್ನ ಮೈ ಹೋಗಿ ಆಕಿ ಮ್ಯಾಲೆ ಬಿತ್ತು.”

ಪ್ರಭುರಾಜ ಕಾಗದ ಮಡಿಚಿ ಚೀಲಕ್ಕೆ ತುಂಬಿದ. ಅವನ ಮುಖ ನೋಡಿದರೆ ಬೇರೆ ಅರ್ಜಿದಾರ ಎಲ್ಲಿ ಸಿಕ್ಕಾನು ಎಂದು ಆಗಲೇ ಲೆಕ್ಕ ಹಾಕುತ್ತಿದ್ದ ಹಾಗಿತ್ತು. ಅದು ಅವನ ಹಕ್ಕು.

ಲಲಿತಾ ಎದ್ದಳು. ಬೆಂಚಿನ ಮೇಲಿನ ಹಾರವನ್ನು ದಾಟಿ ಹೊರಗೆ ನಡೆದಳು. ಗೇಟಿನಲ್ಲಿ ಓಬಳೆಪ್ಪ, “ಆತೇನ್ ಅಕ್ಕಾ?” ಎಂದದ್ದಕ್ಕೂ ತಿರುಗಲಿಲ್ಲ. ರಿಪೇರಿಯಾಗಿ ಬಂದು ಬೇವಿನ ಮರದ ಕೆಳಗೆ ನಿಂತಿದ್ದ ತಮ್ಮದೇ ಕಾರಿನ ಹತ್ತಿರ ಬಂದು, ಹಿಂದಿನ ಬಾಗಿಲನ್ನು ಎಡಗೈಯಿಂದ ತೆರೆದು, ಓಡಿಸುವವನ ಸೀಟಿನ ಸರಿಯಾಗಿ ಹಿಂದೆ ಕೂತಳು.

“ವಾಂತಿ ಆಕ್ಕೈತಿ, ಮುಂದ ಬಾ” ಎಂದ ಸಿದ್ದೇಶ.

“ಆಗ್ಲಿ. ಅಳವಂಡಿಗೆ ಬಿಡ್ರಿ ನನ್ನ.”

ಅಳವಂಡಿ ಅವಳ ತವರು. ಎಷ್ಟು ದಿನಕ್ಕೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ತನ್ನ ಬೆಲ್ಟ್ ಎಳೆದು ಕಟ್ಟಿಕೊಂಡ, ಕಾರು ಹೊರಡಿಸಿದ.

ಊರು ದಾಟುವವರೆಗೆ ಹೇಗೋ ನಡೆಯಿತು. ಬಯಲು ರಸ್ತೆ ಬಂತು. ಎರಡೂ ಬದಿ ಮೆಕ್ಕೆಜೋಳ ಆಳೆತ್ತರ ನಿಂತಿತ್ತು, ಎದುರಿನಿಂದ ಬರುವ ಲಾರಿಗಳು ಪಕ್ಕದಲ್ಲೇ ಗಾಳಿ ಎಬ್ಬಿಸಿ ಹೋಗುತ್ತಿದ್ದವು. ಸಿದ್ದೇಶನಿಗೆ ತನ್ನ ಬೆನ್ನಿನ ಅರಿವು ಬಂತು. ಬೆನ್ನು, ಕುತ್ತಿಗೆ, ಹೆಗಲಿನ ಹಲಗೆ, ಒಂದೊಂದಾಗಿ. ಸೀಟಿನ ಆ ಕಡೆ ಒಬ್ಬ ಹೆಂಗಸು ಯಾವುದಕ್ಕೂ ಕಟ್ಟಿಕೊಳ್ಳದೆ ಕೂತಿದ್ದಳು. ತಾನು ಬ್ರೇಕ್ ತುಳಿದರೆ ಅವಳು ಎಲ್ಲಿಗೆ ಬರುತ್ತಾಳೆ ಎಂದು ಅವನ ಮೈಗೆ ಗೊತ್ತಿತ್ತು. ಕನ್ನಡಿಯಲ್ಲಿ ನೋಡಿದ. ಅವಳು ಅವನ ಕುತ್ತಿಗೆಯನ್ನೇ ನೋಡುತ್ತಿದ್ದಳು.

“ಆ ಕಡೀಗೆ ಸರದು ಕುಂದರ್ತೀಯೇನು?”

“ಇಲ್ರಿ, ಇಲ್ಲೇ ಛಲೋ ಐತಿ. ಹೊಡೀರಿ ಗಾಡಿ.”

ವೇಗದ ಮುಳ್ಳು ನಲವತ್ತಕ್ಕೆ ಇಳಿಯಿತು, ಮೂವತ್ತಕ್ಕೆ ಇಳಿಯಿತು. ಹಿಂದೆ ಬಂದ ಬಸ್ಸೊಂದು ಹಾರ್ನು ಹೊಡೆದು ಬೈದುಕೊಂಡು ದಾಟಿತು. ಅಷ್ಟರಲ್ಲಿ ಹೊಲದ ಬದುವಿನಿಂದ ಒಂದು ಆಡು ಚಂಗನೆ ರಸ್ತೆಗೆ ಹಾರಿತು. ಸಿದ್ದೇಶ ಬ್ರೇಕ್ ತುಳಿದ. ದೊಡ್ಡದೇನೂ ಆಗಲಿಲ್ಲ. ಆಡು ಹೋಯಿತು. ಲಲಿತಾಳ ಮೊಣಕಾಲುಗಳು ಅವನ ಸೀಟಿನ ಬೆನ್ನಿಗೆ ಧಬ್ಬೆಂದು ಬಡಿದವು, ಅಷ್ಟೇ. ಅವನು “ಅಯ್ಯೋ” ಎಂದು ಚೀರಿದ.

ಕಾರು ಬದಿಗೆ ಹಾಕಿ ಇಳಿದ. ಸಾಮಾನಿನ ಪೆಟ್ಟಿಗೆಯಿಂದ ಹೊಲಿಗೆ ಬಿಚ್ಚುವ ಸಣ್ಣ ಬ್ಲೇಡು ತೆಗೆದುಕೊಂಡು ಹಿಂದಿನ ಬಾಗಿಲು ತೆರೆದ. “ಸ್ವಲ್ಪ ಸರಿ” ಎಂದ. ಅವಳು ಸರಿದಳು. ಸುಕ್ಕಿಲ್ಲದ ಆ ದಾಳಿಂಬೆ ಬಣ್ಣದ ಮೇಲೆ ಬ್ಲೇಡು ಇಡುವಾಗ, ಹೊಲಿಗೆಯವನಲ್ಲವೆ, ಒಂದು ಕ್ಷಣ ಕೈ ತಡೆಯಿತು. ಆಮೇಲೆ ಕೊಯ್ದ. ಬಿಳಿ ದಾರ ಪಟಪಟ ಹರಿಯಿತು. ಒಳಗೆ ಕೈ ತೂರಿಸಿ ಬಕಲ್ಲನ್ನು ಹೊರಗೆಳೆದ. ಹೊಸದರಂತೆ ಹೊಳೆಯುತ್ತಿತ್ತು, ಒಂದು ಸಲವೂ ಯಾರೂ ಬಳಸಿರಲಿಲ್ಲ.

ಲಲಿತಾ ಪಕ್ಕದಿಂದ ಬೆಲ್ಟ್ ಎಳೆದುಕೊಂಡಳು. ಬಲಗೈ ಅಲ್ಲಿಗೆ ಎಟುಕದು, ಎಡಗೈಯಿಂದಲೇ ತಂದಳು. ಇಲ್ಲಿ, ಈ ಬದಿಯಲ್ಲಿ, ಅದು ಬಲಹೆಗಲ ಮೇಲೇ ಬಂತು. ಕೊಕ್ಕೆ ಬಕಲ್ಲಿಗೆ ಸಿಗಲಿಲ್ಲ, ಎರಡು ಸಲ ಜಾರಿತು. ಸಿದ್ದೇಶ ಕೈ ಚಾಚಿದ. ಅವಳು ಬೇಡ ಎನ್ನಲಿಲ್ಲ, ಕೊಡಲೂ ಇಲ್ಲ. ಮೂರನೇ ಸಲ ತಾನೇ ಕೂರಿಸಿದಳು. ಟಿಕ್ ಎಂದಿತು.

“ನೀವು ಬಡದದ್ದಕ್ಕ ನನಗ ಸಿಟ್ಟಿಲ್ಲ” ಎಂದಳು, ಮುಂದೆ ನೋಡುತ್ತಲೇ. “ಬೇಕಂತ ಬಡದೋರಲ್ಲ ನೀವು. ಎಂಟು ತಿಂಗಳು ಬೆಲ್ಟಿನ ಮ್ಯಾಲೆ ಹಾಕಿದ್ರಲ್ಲ, ಅದಕ್ಕೈತಿ. ಅದು ಲಗೂನ ಹೋಗೂದಿಲ್ಲ.”

ಸಿದ್ದೇಶ ರಸ್ತೆಬದಿಯ ಮಣ್ಣಿನಲ್ಲಿ ನಿಂತುಕೊಂಡು ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಅವನ ಅಳು ನಿಲ್ಲುವವರೆಗೆ ಕಾದು, ಕೇಳಿದಳು:

“ಹಿಂಗ ಸೀಳು ಬಿಡದ ಎಷ್ಟು ಗಾಡಿಗೆ ಹೊಲದೀರಿ?”

“ಎಲ್ಲಾ” ಎಂದ. “ಮುನ್ನೂರರ ಮ್ಯಾಲೆ.”

“ನಾನ ಕತ್ತರಿಸೀನಿ ಎಲ್ಲಾ. ಸೀಳು ಬಿಡ್ಲೇನು ಅಂತ ಕೇಳಿದ್ದೆ, ನೀವು ಬ್ಯಾಡ ಅಂದ್ರಿ, ನಾನೂ ಸುಮ್ಕಾದೆ. ನನ್ನ ಹೆಸರು ಐತಿ ಬೋರ್ಡಿನ ಮ್ಯಾಲೆ.” ಕೊಯ್ದ ಸೀಳಿನ ಅಂಚನ್ನು ಎಡಗೈಯಿಂದ ಮುಟ್ಟಿದಳು. “ಯಲಬುರ್ಗಾ ಮಾಸ್ತರ ಮನಿಯಾಗ ಎರಡು ಸಣ್ಣ ಹುಡುಗರದಾವ.”

“ನೀ ಯಾವಾಗ ತಿರುಗಿ ಬರ್ತಿ?”

“ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಎಲ್ಲಾ ಬಿಚ್ಚಿ ಮುಗಸ್ರಿ. ಮುಗದ ಮ್ಯಾಲೆ ಬಂದು ಕರೀರಿ.”

ಅವನು ಬಾಗಿಲು ಹಾಕಿ ತನ್ನ ಸೀಟಿಗೆ ಬಂದು ಕೂತ. ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಓಬಳೆಪ್ಪ. ಎತ್ತಿದರೆ ಅತ್ತ ಗದ್ದಲವೋ ಗದ್ದಲ.

“ಏನಣ್ಣಾ ಇದು, ಸಹಿ ಮಾಡದ ಹೋದಿ ಅಂತ? ಯಾರರ ಹೆದರಿಸಿದ್ರೇನು? ಹೇಳು, ಇಡೀ ಸಂಘ ಬರ್ತೀವಿ ನಿನ್ನ ಬೆನ್ನಿಗೆ!”

ಬೆನ್ನಿಗೆ ಎಂಬ ಮಾತಿಗೆ ಸಿದ್ದೇಶ ಕನ್ನಡಿ ನೋಡಿದ. ಲಲಿತಾ ಕಣ್ಣು ಮುಚ್ಚಿ, ತಲೆಯನ್ನು ಕಿಟಕಿಗೆ ಆನಿಸಿ, ವಾಂತಿ ತಡೆದುಕೊಳ್ಳುತ್ತಿದ್ದಳು. ಬೆಲ್ಟ್ ಅವಳ ಎದೆಯ ಮೇಲಿತ್ತು.

“ಓಬಳೆಪ್ಪ, ನಿನ್ನ ಗಾಡಿ ನಾಳೆ ಮುಂಜಾನೆ ಅಂಗಡಿಗೆ ತಗೊಂಡು ಬಾ” ಎಂದ. “ಹಿಂದಿನ ಸೀಟು ಬಿಚ್ಚಬೇಕು. ಮೊದಲ ನಿನ್ದ ಬಿಚ್ಚತೀನಿ.”

ಫೋನು ಇಟ್ಟು, ಕಾರನ್ನು ಮೆಲ್ಲಗೆ ರಸ್ತೆಗೆ ಹತ್ತಿಸಿದ. ಅಳವಂಡಿ ಇನ್ನೂ ಹತ್ತು ಮೈಲಿ ಇತ್ತು.